ಎತ್ತಿಗೆ ಅಗಸಿ, ಆಳಿಗೆ ಹಿಂದಿನ ಬಾಗಿಲು

ಹಳೆ ವಾಡೆ ನೋಡಲು ಬಂದವರು ಮೊದಲು ಅಗಸಿ ಬಾಗಿಲು ನೋಡುತ್ತಾರೆ. ಕೆತ್ತನೆ ನೋಡುತ್ತಾರೆ, ಹಿತ್ತಾಳೆ ಹೂ ಎಣಿಸುತ್ತಾರೆ, ಕಮಾನಿನ ಕೆಳಗೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಒಳಗೆ ಬಂದು ಪಡಸಾಲಿಯ ಕಂಬ ಮುಟ್ಟಿ ‘ಎಂಥಾ ಸಾಗವಾನಿ ಅದ ನೋಡ್ರಿ’ ಅನ್ನುತ್ತಾರೆ. ಎಡಕ್ಕೆ ತಿರುಗಿದರೆ ದನದ ಕೊಟಗಿ. ಅಲ್ಲಿಗೆ ಯಾರೂ ಹೋಗುವುದಿಲ್ಲ. ಹೋದವರೂ ಮೂಗು ಮುಚ್ಚಿಕೊಂಡು ಹೊರಗೆ ಬಂದುಬಿಡುತ್ತಾರೆ.

ನಾನು ಈ ಸಲ ಹೋದದ್ದು ಕೊಟಗಿ ನೋಡಲಿಕ್ಕೇ.

ಸೇಡಂ ತಾಲ್ಲೂಕಿನ ನಮ್ಮೂರ ವಾಡೆ ಅದು. ಊರ ಹೆಸರು, ಮನೆತನದ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆಯುವ ಅಗತ್ಯವೂ ಇಲ್ಲ, ಇಂಥದ್ದೊಂದು ವಾಡೆ ನಿಮ್ಮೂರಲ್ಲೂ ಇದ್ದೇ ಇರುತ್ತದೆ. ಮಾಲೀಕರ ಮಕ್ಕಳು ಹೈದರಾಬಾದ್, ಪುಣೆ ಸೇರಿದ್ದಾರೆ. ಅಣ್ಣತಮ್ಮರ ಪಾಲು ಮುಗಿದಿದೆ. ಕೆತ್ತನೆಯ ಬಾಗಿಲನ್ನು ಹಳೆ ಕಟಗಿ ವ್ಯಾಪಾರದವರು ಬಿಚ್ಚಿ ಲಾರಿಗೆ ಹಾಕಿಕೊಂಡು ಹೋದರು. ಉಳಿದದ್ದನ್ನು ತೊಗರಿ ರಾಶಿ ಮುಗಿದ ಮೇಲೆ ಕೆಡವಿ ಗೋದಾಮು ಕಟ್ಟುತ್ತಾರಂತೆ.

ಆ ಕೊಟಗಿಯಲ್ಲಿ ನಮ್ಮ ಮುತ್ಯಾ ಹತ್ತೊಂಬತ್ತು ವರ್ಷ ಮಲಗಿದ್ದ. ಜೀತಕ್ಕಿದ್ದ.

ಕೆಡವುವ ಸುದ್ದಿ ಕೇಳಿ ನಾನು ಟೇಪು, ನೋಟ್‌ಬುಕ್ಕು ಹಿಡಿದು ಹೊರಟೆ. ವಾಡೆ ಕಾಯುವ ಹಿರಿಯರು ಬೀಗ ತೆಗೆದರು. ‘ಅಲ್ಲಿ ಯಾನದ ತಂಗಿ ನೋಡ್ಲಾಕ? ಬರೇ ಹೆಂಡಿ ಜಾಗ ಅದು’ ಅಂದರು. ಎರಡು ದಿನ ಅಲ್ಲೇ ಕೂತು ಅಳೆದೆ. ಅಳೆಯುತ್ತ ಹೋದಂತೆ ಒಂದು ಮಾತು ಮನಸ್ಸಿಗೆ ಬಂತು: ಇಡೀ ವಾಡೆಯಲ್ಲಿ ಬಹಳ ಯೋಚನೆ ಮಾಡಿ ಕಟ್ಟಿದ ಜಾಗ ಇದೇ. ಪಡಸಾಲಿ ಶೋಕಿಗೆ ಕಟ್ಟಿದ್ದು. ಕೊಟಗಿಯಲ್ಲಿ ತಪ್ಪಾದರೆ ಎತ್ತು ಕುಂಟುತ್ತದೆ, ಬಿತ್ತನೆ ನಿಲ್ಲುತ್ತದೆ. ಅದಕ್ಕೇ ಇರಬೇಕು, ಒಂದು ಕಲ್ಲನ್ನೂ ಸುಮ್ಮನೆ ಇಟ್ಟಿಲ್ಲ.

ನಲವತ್ತೆರಡು ಅಡಿ ಉದ್ದ, ಹದಿನಾರು ಅಡಿ ಅಗಲ. ಎಂಟು ಎತ್ತು ಸಾಲಾಗಿ ನಿಲ್ಲುವ ಜಾಗ, ಒಂದು ತುದಿಗೆ ಕುದುರೆ ಜಾಗ. ಗೋಡೆ ಎರಡೂವರೆ ಅಡಿ ದಪ್ಪ, ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲು. ಮೇಲೆ ತೊಲೆ, ತೊಲೆ ಮೇಲೆ ಜಂತಿ, ಜಂತಿ ಮೇಲೆ ಕಟಗಿ ಚಕ್ಕೆ, ಅದರ ಮೇಲೆ ಬೇವಿನ ತಪ್ಪಲು ಹಾಸಿ ಮಣ್ಣು. ತೊಲೆ ಚಿಂಚೋಳಿ ಅಡವಿಯದ್ದು ಅಂತ ಅಪ್ಪ ಹೇಳುತ್ತಾನೆ. ಮಾಳಿಗೆ ಮಣ್ಣನ್ನು ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮೊದಲು ಹೊಸದಾಗಿ ಹಾಕಬೇಕು. ಹಾಕುವವರು ಇಲ್ಲದೆ ಹತ್ತು ವರ್ಷವಾಗಿ ಈಗ ಮೂಲೆಯಲ್ಲಿ ಆಕಾಶ ಕಾಣುತ್ತದೆ.

ನೆಲ ಶಹಾಬಾದ ಫರಸಿ. ನಮ್ಮ ಕಡೆ ಇದನ್ನು ಹೇಳುವುದೇ ಬೇಡ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಎಲ್ಲಿ ಅಗೆದರೂ ಈ ಸುಣ್ಣದ ಕಲ್ಲೇ. ಪದರ ಪದರವಾಗಿ ಏಳುತ್ತದೆ, ಗರಗಸ ಬೇಕಿಲ್ಲ. ಅದೇ ಕಲ್ಲು ಅರೆದು ಸಿಮೆಂಟ್ ಮಾಡುತ್ತಾರೆ, ಅದೇ ಕಲ್ಲು ಊರೂರಿನ ಅಂಗಳಕ್ಕೆ ಹೋಗುತ್ತದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರ ಕನಗನಹಳ್ಳಿಯಲ್ಲಿ ಎರಡು ಸಾವಿರ ವರ್ಷದ ಹಿಂದೆ ಬೌದ್ಧರು ಸ್ತೂಪ ಕಟ್ಟಿ, ಅಶೋಕ ರಾಜನ ಚಿತ್ರವನ್ನು ಹೆಸರು ಸಮೇತ ಕೊರೆದದ್ದೂ ಸುಣ್ಣದ ಕಲ್ಲಿನ ಹಲಗೆ ಮೇಲೆಯೇ. ಆದರೆ ನುಣುಪಾದ ಫರಸಿ ಮೇಲೆ ನೀರು ಬಿದ್ದರೆ ಮನುಷ್ಯರೇ ಜಾರುತ್ತಾರೆ, ಇನ್ನು ಲಾಳ ಕಟ್ಟಿದ ಎತ್ತಿನ ಗತಿ? ಅದಕ್ಕೆ ಕೊಟಗಿಯಲ್ಲಿ ಫರಸಿಯ ಒರಟು ಮೈ ಮೇಲೆ ಮಾಡಿ ಹಾಸಿದ್ದಾರೆ, ಸಾಲದ್ದಕ್ಕೆ ಉಳಿಯಿಂದ ಗೀರು ಹಾಕಿದ್ದಾರೆ. ಎತ್ತಿನ ಮುಂಗಾಲು ನಿಲ್ಲುವ ಕಡೆ ಗೀರು ಸವೆದು ಬಟ್ಟಲಿನಂತೆ ತಗ್ಗು ಬಿದ್ದಿದೆ. ಎಂಟು ಎತ್ತಿನ ಜಾಗಕ್ಕೆ ಎಂಟು ಜೋಡಿ ತಗ್ಗು.

ಗ್ವಾದಲಿ ಹತ್ತಿರ ಒಂದು ತಂಬಿಗೆ ನೀರು ಸುರುವಿ ನೋಡಿದೆ. ನೀರು ಅತ್ತಿತ್ತ ಹೋಗದೆ ನೇರ ಹಿಂದಕ್ಕೆ ಹರಿದು, ಗೋಡೆಗುಂಟ ಇರುವ ಸಣ್ಣ ಕಾಲುವೆಗೆ ಬಿದ್ದು, ಗೋಡೆಯ ತೂತಿನಿಂದ ಹೊರಗೆ ತಿಪ್ಪಿಗುಂಡಿಗೆ ಹೋಯಿತು. ಕಣ್ಣಿಗೆ ಕಾಣದಷ್ಟು ಇಳುಕಲು ಅದು. ತಲೆ ಕಡೆ ಎತ್ತರ, ಬಾಲದ ಕಡೆ ತಗ್ಗು. ಗಂಜಲ ಕಾಲಡಿ ನಿಂತರೆ ಗೊರಸು ಕೊಳೆಯುತ್ತದೆ. ಈಗಿನ ಹಾಲಿನ ಡೇರಿ ಶೆಡ್ಡುಗಳಲ್ಲಿ ಇಂಜಿನಿಯರು ಇದನ್ನೇ ಮಾಡಿಸುತ್ತಾರೆ.

ಗೋಡೆಯ ಮೇಲ್ಭಾಗದಲ್ಲಿ, ಜಂತಿಯ ಕೆಳಗೆ, ಗೇಣು ಅಗಲದ ಹನ್ನೊಂದು ಕಿಂಡಿಗಳಿವೆ. ಕೆಳಗೆ ಒಂದೂ ಕಿಟಕಿ ಇಲ್ಲ. ಚಳಿಗಾಲದ ಗಾಳಿ ಎತ್ತಿನ ಮೈಗೆ ಬೀಸಬಾರದು, ಆದರೆ ಗಂಜಲದ ಖಾರ ವಾಸನೆ ಬೆಚ್ಚಗಿನ ಗಾಳಿಯೊಂದಿಗೆ ಮೇಲೆ ಹೋಗಬೇಕು. ಎರಡೂ ಆಗುತ್ತದೆ.

ಎತ್ತಿನ ಗ್ವಾದಲಿ ಮೊಳಕಾಲೆತ್ತರ, ಕುದುರೆಯದ್ದು ಎದೆಯೆತ್ತರ. ಎತ್ತು ಮಲಗಿ ಮೆಲುಕು ಹಾಕುವ ಪ್ರಾಣಿ. ಕುದುರೆ ನಿಂತೇ ತೂಕಡಿಸುತ್ತದೆ. ಅದಕ್ಕೆ ಎತ್ತಿಗೆ ನೆಲದಲ್ಲಿ ಗೂಟ, ಕುದುರೆಗೆ ಗೋಡೆಯಲ್ಲಿ ಕಬ್ಬಿಣದ ಬಳೆ. ಒಂದು ಜೋಡಿಗೂ ಇನ್ನೊಂದು ಜೋಡಿಗೂ ನಡುವೆ ಬಿಟ್ಟ ಜಾಗ ಮೈಯ ಅಗಲದ ಲೆಕ್ಕದ್ದಲ್ಲ, ಕೊಂಬಿನ ಅಗಲದ್ದು.

ಇಂಥ ಜಾಗಕ್ಕೆ ನಮ್ಮ ಕಡೆ ಎಷ್ಟು ಹೆಸರು ನೋಡಿ. ಕೊಟಗಿ, ದನದ ಮನಿ, ಲಾಯ, ತಬೇಲಾ. ತಬೇಲಾ ಅನ್ನುವುದು ಅರಬ್ಬಿ, ಪಾರ್ಸಿ ಕಡೆಯಿಂದ ಬಂದ ಮಾತು, ಅಲ್ಲಿ ಅದರ ಮೂಲ ಅರ್ಥ ಪ್ರಾಣಿ ಕಟ್ಟುವ ಉದ್ದ ಹಗ್ಗ. ನಮ್ಮ ದಾವಣಿಯೂ ಹಗ್ಗವೇ. ಅಂದರೆ ಗೋಡೆ ಆಮೇಲೆ ಬಂತು, ಹಗ್ಗ ಮೊದಲು. ನಿಜಾಮರ ಕಾಲದಲ್ಲಿ ‘ಪಾಯಗಾ’ ಅನ್ನುವ ಮಾತೂ ಇತ್ತು. ಸರದಾರರು ಸಾಕಿ ನಡೆಸುವ ಕುದುರೆ ದಂಡು ಪಾಯಗಾ. ಆ ದಂಡಿನ ಖರ್ಚಿಗೆ ಅಂತ ಕೊಟ್ಟ ಜಹಗೀರುಗಳಿಂದ ಆ ಮನೆತನಕ್ಕೇ ಪಾಯಗಾ ಅಂತ ಹೆಸರಾಯಿತು. ನಮ್ಮ ಜಿಲ್ಲೆಯ ಆಳಂದ ಪಾಯಗಾ ಜಹಗೀರಿನ ಊರು. ಕುದುರೆ ಮೇವಿನ ಲೆಕ್ಕದಲ್ಲಿ ಊರಿಗೆ ಊರೇ ಬರೆದುಕೊಟ್ಟ ಕಾಲ ಅದು.

ಕುದುರೆ ಅಷ್ಟು ತುಟ್ಟಿ ಯಾಕೆ ಅಂದರೆ, ದಖ್ಖನ್ನಿಗೆ ಒಳ್ಳೆ ಕುದುರೆ ಸಮುದ್ರ ದಾಟಿ ಬರಬೇಕಿತ್ತು. 15ನೇ ಶತಮಾನದಲ್ಲಿ ಅಫನಾಸಿ ನಿಕಿತಿನ್ ಅನ್ನುವ ರಷ್ಯಾದ ವ್ಯಾಪಾರಿ ಒಂದೇ ಒಂದು ಗಂಡು ಕುದುರೆ ಹಡಗಿಗೆ ಹಾಕಿಕೊಂಡು ಬಂದು, ಊರೂರು ತಿರುಗಿ, ಕೊನೆಗೆ ನಮ್ಮ ಬೀದರಿನಲ್ಲಿ ಮಾರಿದ. ಇಲ್ಲಿಯವರು ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಖಿಚಡಿ ಬೇಯಿಸಿ ಹಾಕುತ್ತಾರೆ ಅಂತ ಬೆರಗಾಗಿ ಬರೆದಿಟ್ಟಿದ್ದಾನೆ. ಖಿಚಡಿ ಮಾಡುವ ಆಳು ಏನು ತಿಂದ ಅಂತ ಬರೆದದ್ದು ನನಗೆ ಗೊತ್ತಿಲ್ಲ.

ಇನ್ನು ಬಂಡಿ. ವಾಡೆಯ ಅಗಸಿ ಎಂಟೂವರೆ ಅಡಿ ಅಗಲ, ಹತ್ತು ಅಡಿ ಎತ್ತರ. ಗೌಡರ ದೊಡ್ಡಸ್ತಿಕೆಗೆ ಅಷ್ಟು ದೊಡ್ಡದು ಮಾಡಿದ್ದಾರೆ ಅಂತ ನಾವು ತಿಳಿದಿದ್ದೆವು. ಅಳತೆ ಹಾಕಿದವರು ಗೌಡರಲ್ಲ, ಬಂಡಿ. ಕಣಕಿ ಹೇರಿದ ಬಂಡಿ ಎರಡೂ ಕಡೆ ಉಬ್ಬಿಕೊಂಡು ಬರುತ್ತದೆ, ಆ ಉಬ್ಬು ತಾಗದಂತೆ ಅಗಲ. ಮೇಲೆ ಕೂತವನ ತಲೆ ತಾಗದಂತೆ ಎತ್ತರ. ಅಗಸಿಯ ಎರಡೂ ಬದಿಗೆ ನೆಲದಲ್ಲಿ ಹುಗಿದ ಗುಂಡಗಿನ ಕಲ್ಲು ನೀವೂ ನೋಡಿರುತ್ತೀರಿ. ಗಾಲಿಯ ಗುಂಬ ಬಾಗಿಲ ಚೌಕಟ್ಟಿಗೆ ಬಡಿಯದಂತೆ ಗಾಲಿಯನ್ನು ಒಳಕ್ಕೆ ತಳ್ಳುವ ಕಲ್ಲು ಅದು. ಮಕ್ಕಳು ಕೂತು ಆಡುವ ಕಲ್ಲು ಅಂತಲೇ ನಾನು ತಿಳಿದಿದ್ದೆ. ಅಂಗಳದ ಬಲಗಡೆ ಕೊಲ್ಲಾರಿ ಬಂಡಿ ನಿಲ್ಲಿಸುವ ಜಾಗ. ಹೆಣ್ಣುಮಕ್ಕಳನ್ನು ಕರೆತರಲು, ಜಾತ್ರೆಗೆ ಹೋಗಲು ಇದ್ದ ಬಂಡಿ. ಕೊಟಗಿಗೂ ಅದಕ್ಕೂ ನಡುವೆ ಇಡೀ ಅಂಗಳದ ಅಂತರ. ಯಾಕೆ ಅಂತ ನನಗೆ ಗೊತ್ತಾಗಿರಲಿಲ್ಲ.

ಗೊತ್ತಾದದ್ದು ಇಂಗ್ಲೆಂಡಿನ ಹಳೆ ಸಾರೋಟು ಮನೆಗಳ ಬಗ್ಗೆ ಓದಿದಾಗ. ಅಲ್ಲಿಯ ಸಾಹುಕಾರರು ಮನೆ ಹಿಂದೆ ಬೇರೆ ಕಟ್ಟಡ ಕಟ್ಟುತ್ತಿದ್ದರು. ಒಂದು ಕಡೆ ಸಾರೋಟು ನಿಲ್ಲಿಸುವ ಕೋಣೆ, ಅಗಲವಾದ ಜೋಡಿ ಬಾಗಿಲು. ಪಕ್ಕದಲ್ಲಿ ಕುದುರೆ ಲಾಯ. ನಡುವೆ ಗಟ್ಟಿ ಗೋಡೆ. ಕುದುರೆ ಗಂಜಲದ ಹೊಗೆ ಸಾರೋಟಿನ ವಾರ್ನಿಷು, ಚರ್ಮ ಹಾಳು ಮಾಡುತ್ತದೆ, ಅದಕ್ಕೆ ಗೋಡೆ. ನಮ್ಮ ಕೊಲ್ಲಾರಿ ಬಂಡಿಗೂ ಬಣ್ಣ ಇತ್ತು, ಚರ್ಮದ ಪಟ್ಟಿ ಇತ್ತು. ನಮ್ಮವರು ಗೋಡೆ ಬದಲು ಅಂಗಳ ಇಟ್ಟರು, ಅಷ್ಟೇ ಫರಕು.

ಉಳಿದದ್ದು ಬಹಳಷ್ಟು ಒಂದೇ ತರಹ. ಅಲ್ಲೂ ನೆಲಕ್ಕೆ ಗೀರು ಹಾಕಿದ ಇಟ್ಟಿಗೆ, ಅಲ್ಲೂ ಇಳುಕಲು, ಕಾಲುವೆ, ಮೇಲಿನ ಕಿಂಡಿ. ಅಗಸಿ ಬದಿಯ ಗುಂಡಗಲ್ಲೂ ಇದೆ! ಲಾಯದ ಮೇಲೆ ಅಟ್ಟ, ಅಟ್ಟದಲ್ಲಿ ಹುಲ್ಲು, ಅಟ್ಟದ ತೂತಿನಿಂದ ಹುಲ್ಲು ನೇರ ಕುದುರೆಯ ಮುಂದೆ ಬೀಳುತ್ತದೆ. ಹುಲ್ಲಿನ ಪಕ್ಕದಲ್ಲಿ ಸಾರೋಟು ಹೊಡೆಯುವವನ ಕೋಣೆ. ಯಜಮಾನ ಬೇರೆ ಕಟ್ಟಡದಲ್ಲಿ, ಆಳು ಕುದುರೆಯ ಮೇಲೆ. ಲಂಡನ್ನಿನಲ್ಲಿ ದೊಡ್ಡ ಮನೆಗಳ ಹಿಂದೆ ಇಂಥ ಲಾಯಗಳದ್ದೇ ಓಣಿಗಳಿದ್ದವು, ಅವಕ್ಕೆ ‘ಮ್ಯೂಸ್’ ಅನ್ನುತ್ತಾರೆ. ಮೊದಲು ಅದು ರಾಜನ ಡೇಗೆ ಹಕ್ಕಿ ಸಾಕುವ ಜಾಗದ ಹೆಸರು. 1534ರಲ್ಲಿ ಅದು ಸುಟ್ಟುಹೋಗಿ, ಅಲ್ಲಿ ಕುದುರೆ ಲಾಯ ಕಟ್ಟಿದರು, ಹೆಸರು ಹಾಗೇ ಉಳಿಯಿತು. ಈಗ ಆ ಓಣಿಯ ಲಾಯಗಳೆಲ್ಲ ಕೋಟಿಗಟ್ಟಲೆ ಬೆಲೆಯ ಮನೆಗಳು. ಆಳಿನ ಕೋಣೆ ಈಗ ಸಾಹುಕಾರನ ಬೆಡ್‌ರೂಮು.

ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಇನ್ನೊಂದು ಲಾಯ. ಇಂಗ್ಲೆಂಡಿನ ಸಮುದ್ರ ದಂಡೆಯ ಊರು ಬ್ರೈಟನ್. ಅಲ್ಲಿ 1803ರಿಂದ 1808ರವರೆಗೆ, ಮುಂದೆ ನಾಲ್ಕನೇ ಜಾರ್ಜ್ ರಾಜನಾದ ರಾಜಕುಮಾರ ತನ್ನ ಕುದುರೆಗಳಿಗೆ ಲಾಯ ಕಟ್ಟಿಸಿದ. ಕಟ್ಟಿದವನು ವಿಲಿಯಂ ಪೋರ್ಡನ್. ಚಿತ್ರ ನೋಡಿದರೆ ನೀವು ಇಂಗ್ಲೆಂಡ್ ಅನ್ನುವುದಿಲ್ಲ. ಕಮಾನು, ಮೂಲೆಗೆ ಸಣ್ಣ ಮಿನಾರು, ನಡುವೆ ದೊಡ್ಡ ಗುಮ್ಮಟ. ಹಿಂದೂಸ್ತಾನದ ಕಟ್ಟಡಗಳ ಚಿತ್ರ ನೋಡಿ ಆ ಮಾದರಿಯಲ್ಲಿ ಕಟ್ಟಿದ್ದು. ಗುಮ್ಮಟದ ಅಡ್ಡಳತೆ 80 ಅಡಿ. ಅದರ ಕೆಳಗೆ ದುಂಡಗೆ 44 ಕುದುರೆ ಕಟ್ಟುವ ಜಾಗ. ಮೇಲೆ ಸುತ್ತಲೂ ಪಡಸಾಲಿ, ಅಲ್ಲಿ ಜೀನು ಇಡುವ ಕೋಣೆ, ಕುದುರೆ ಆಳುಗಳ ಕೋಣೆ. ರಾಜಕುಮಾರನ ಸ್ವಂತ ಮನೆ ಆಗ ಇದರ ಮುಂದೆ ಸಣ್ಣದಾಗಿ ಕಾಣುತ್ತಿತ್ತು. ಯಜಮಾನನಿಗಿಂತ ಕುದುರೆಗೇ ಚೆಂದ ಮನೆ ಅಂತ ಜನ ಆಡಿಕೊಂಡರಂತೆ. ಆಮೇಲೆ ಅವನು ತನ್ನ ಮನೆಯನ್ನೂ ಅದೇ ಹಿಂದೂಸ್ತಾನಿ ಮಾದರಿಗೆ ಮಾಡಿಸಿಕೊಂಡ. ಕುದುರೆ ನೋಡಿ ಯಜಮಾನ ಕಲಿತ!

ನಮ್ಮ ಕಲಬುರಗಿ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿ ಇದೆ. ನಡುವೆ ಅಂಗಳ ಬಿಡದೆ ಇಡೀ ಮಸೀದಿಗೆ ಗುಮ್ಮಟಗಳ ಛಾವಣಿ. ದೊಡ್ಡ ಜಾಗವನ್ನು ತೊಲೆ ಇಲ್ಲದೆ ಮುಚ್ಚುವ ವಿದ್ಯೆ ನಮ್ಮ ಕಡೆ ಆಗಲೇ ಪಳಗಿತ್ತು. ಹಂಪಿಗೆ ಶಾಲೆ ಟ್ರಿಪ್ಪಿಗೆ ಹೋದವರು ಆನೆ ಲಾಯ ನೋಡಿರುತ್ತೀರಿ. ಸಾಲಾಗಿ ಹನ್ನೊಂದು ಕೋಣೆ, ಒಂದೊಂದಕ್ಕೆ ಒಂದೊಂದು ಗುಮ್ಮಟ, ಗುಮ್ಮಟದ ಆಕಾರ ಬೇರೆ ಬೇರೆ. ಆ ಕಮಾನು, ಗುಮ್ಮಟ ವಿಜಯನಗರದವರು ಬಹಮನಿ ಕಡೆಯಿಂದ ಕಲಿತದ್ದು. ಯುದ್ಧ ಒಂದು ಕಡೆ ನಡೆದಿತ್ತು, ಗಾರೆ ಕೆಲಸದವರ ವಿದ್ಯೆ ಇನ್ನೊಂದು ಕಡೆ ಗಡಿ ದಾಟುತ್ತಿತ್ತು. ಆನೆ ಲಾಯದ ಮುಂದಿನ ಕಮಾನು ಆನೆ ಅಳತೆಯದ್ದು. ಒಳಗೆ ಹೋಗಿ ಹಿಂದಿನ ಗೋಡೆ ನೋಡಿ, ಅಲ್ಲಿ ಸಣ್ಣ ಬಾಗಿಲಿದೆ. ಮಾವುತರು ಓಡಾಡಲಿಕ್ಕೆ ಅಂತ ಹೇಳುತ್ತಾರೆ. ಟ್ರಿಪ್ಪಿಗೆ ಹೋದಾಗ ನಾನು ಅದನ್ನು ಗಮನಿಸಿರಲೇ ಇಲ್ಲ. ಮೊನ್ನೆ ಹಳೆ ಫೋಟೊ ಹಿಗ್ಗಿಸಿ ನೋಡಿದೆ.

ಬ್ರೈಟನ್ನಿನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. 1867ರಲ್ಲಿ ಆ ಲಾಯ ಸಂಗೀತದ ಸಭಾಂಗಣವಾಯಿತು. ಮೊದಲ ಮಹಾಯುದ್ಧ ಶುರುವಾದಾಗ ಫ್ರಾನ್ಸಿನಲ್ಲಿ ಗಾಯಗೊಂಡ ಹಿಂದೂಸ್ತಾನದ ಸಿಪಾಯಿಗಳನ್ನು ತಂದು ಮಲಗಿಸಿದ್ದು ಅರಮನೆಯಲ್ಲಿ ಮತ್ತು ಈ ಗುಮ್ಮಟದ ಕೆಳಗೆ. 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ ಅದು ಆಸ್ಪತ್ರೆ. ಕುದುರೆ ನಿಂತ ಜಾಗದಲ್ಲಿ ಸಾಲು ಸಾಲು ಮಂಚ. ಹಿಂದೂಸ್ತಾನಿ ಗುಮ್ಮಟದ ಕೆಳಗೆ ಮಲಗಿದರೆ ಇವರಿಗೆ ಊರಲ್ಲಿದ್ದಂತೆ ಅನ್ನಿಸುತ್ತದೆ ಅಂತ ಯಾರಾದರೂ ಅಂದುಕೊಂಡಿದ್ದರೋ ಏನೋ. ಜಾತಿ ಧರ್ಮ ನೋಡಿ ಒಂಬತ್ತು ಬೇರೆ ಬೇರೆ ಅಡುಗೆಮನೆ ಮಾಡಿದ್ದರು. ಕುಡಿಯುವ ನೀರಿಗೆ ಹಿಂದೂಗಳಿಗೆ ಬೇರೆ ನಲ್ಲಿ, ಮುಸಲ್ಮಾನರಿಗೆ ಬೇರೆ ನಲ್ಲಿ. ಸತ್ತ ಹಿಂದೂ ಮತ್ತು ಸಿಖ್ ಸಿಪಾಯಿಗಳ ದಹನ ಊರ ಹೊರಗಿನ ಗುಡ್ಡದಲ್ಲಿ ಆಯಿತು. ಅಲ್ಲಿ 1921ರಲ್ಲಿ ಬಿಳಿ ಕಲ್ಲಿನ ಛತ್ರಿ ಕಟ್ಟಿದರು, ಈಗಲೂ ಇದೆ.

ಆ ನಲ್ಲಿಗಳ ವಿಷಯ ಓದಿ ನಾನು ಮೊಬೈಲ್ ಕೆಳಗಿಟ್ಟೆ. ಸಮುದ್ರ ದಾಟಿ, ಗುಂಡೇಟು ತಿಂದು, ಪರದೇಶದ ಕುದುರೆ ಲಾಯದಲ್ಲಿ ಮಲಗಿದ ಮನುಷ್ಯನಿಗೂ ನೀರು ಬೇರೆ. ಎಲ್ಲರೂ ಅವರವರ ನೇಮ ಉಳಿಸಿಕೊಳ್ಳಲಿ ಅಂತ ಬ್ರಿಟಿಷರು ಮಾಡಿದ್ದು, ಒಳ್ಳೆ ಮನಸ್ಸಿನಿಂದಲೇ ಇರಬಹುದು. ಆದರೆ ನಮ್ಮ ಕಡೆಯ ಕಟ್ಟಡಗಳಲ್ಲಿ ಗೋಡೆಗಿಂತ ಮೊದಲು ಈ ನೇಮವೇ ಹಾಸಿರುತ್ತದೆ, ಅದರ ಮೇಲೆ ಕಲ್ಲು ಇಡುತ್ತಾರೆ.

ವಾಡೆಯ ಕೊಟಗಿಯ ಹಿಂದಿನ ಬಾಗಿಲು ಮೂರು ಅಡಿ ಹತ್ತು ಇಂಚು. ನಾನು ಗಿಡ್ಡ, ಆದರೂ ಸೊಂಟ ಬಗ್ಗಿಸಿಯೇ ಒಳಗೆ ಹೋದೆ. ಬಾಗಿಲ ಮುಂದೆ ತಿಪ್ಪಿಗುಂಡಿ.

ಕಳ್ಳರ ಭಯದ ಕಾಲ, ಹಿಂದಿನ ಬಾಗಿಲು ಸಣ್ಣದೇ ಇರಬೇಕು ಅಂತ ವಾಡೆ ಕಾಯುವ ಹಿರಿಯರು ಹೇಳಿದರು. ಹೆಂಡಿ ಹೊರಗೆ ಹಾಕಲು ಹತ್ತಿರ ಆಗುತ್ತದೆ ಅಂದರು. ಎರಡೂ ಖರೇ. ಆದರೆ ನಕ್ಷೆ ಬರೆದಾಗ ಮೂರನೇದ್ದು ಕಂಡಿತು. ಅಗಸಿಯಿಂದ ಒಳಗೆ ಬಂದರೆ ಕೊಟಗಿಗೆ ಹೋಗಲು ಪಡಸಾಲಿಯ ಮುಂದಿನಿಂದಲೇ ಹಾಯಬೇಕು. ಬೇರೆ ದಾರಿ ಇಲ್ಲ. ಎತ್ತು ಪಡಸಾಲಿಯ ಮುಂದೆ ಹಾಯಬಹುದು. ಮುತ್ಯಾ ಹಾಯುವಂತಿರಲಿಲ್ಲ.

ಅಪ್ಪ ಹೇಳಿದ್ದು ಹೀಗೆ. ಸಂಜೆ ಹೊಲದಿಂದ ಬಂಡಿ ಬಂದರೆ, ಅಗಸಿಯ ಹೊರಗೆ ಮುತ್ಯಾ ಕೊಳ್ಳು ಹರಿದು ಎತ್ತುಗಳ ಬೆನ್ನು ತಟ್ಟಿ ಒಳಗೆ ಬಿಡುತ್ತಿದ್ದ. ಅವು ತಾವೇ ಅಂಗಳ ದಾಟಿ, ಎಡಕ್ಕೆ ತಿರುಗಿ, ತಮ್ಮ ತಮ್ಮ ಗೂಟದ ಮುಂದೆ ಹೋಗಿ ನಿಲ್ಲುತ್ತಿದ್ದವು. ಮುತ್ಯಾ ವಾಡೆಯ ಗೋಡೆಗುಂಟ ಸುತ್ತು ಹಾಕಿ, ತಿಪ್ಪಿ ದಾಟಿ, ಹಿಂದಿನ ಬಾಗಿಲಲ್ಲಿ ಬಗ್ಗಿ ಒಳಗೆ ಬಂದು ಅವನ್ನು ಕಟ್ಟುತ್ತಿದ್ದ. ಆ ಸುತ್ತು ನಾನು ನಡೆದು ಎಣಿಸಿದೆ, 212 ಹೆಜ್ಜೆ. ಎತ್ತುಗಳಿಗೆ ಮೂವತ್ತರೊಳಗೆ ಮುಗಿಯುತ್ತದೆ. ಕಾರ ಹುಣ್ಣಿಮೆ ದಿನ ಅದೇ ಎತ್ತುಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ ಸಿದ್ಧ ಮಾಡುತ್ತಿದ್ದವನು ಮುತ್ಯಾ. ಅಗಸಿಯಲ್ಲಿ ಆರತಿ ಎತ್ತಿ ಒಳಗೆ ಕರೆದುಕೊಳ್ಳುತ್ತಿದ್ದದ್ದು ಎತ್ತುಗಳನ್ನು. ಆ ದಿನವೂ ಅವನದು 212 ಹೆಜ್ಜೆ.

ಮುತ್ಯಾ ಮಲಗುತ್ತಿದ್ದ ಕಟ್ಟೆ ಇನ್ನೂ ಇದೆ. ಕುದುರೆ ಜಾಗಕ್ಕೂ ಮೊದಲ ಜೋಡಿ ಎತ್ತಿನ ಜಾಗಕ್ಕೂ ನಡುವೆ ಗೋಡೆಗೆ ಅಂಟಿದ ಕಟ್ಟೆ. ಉದ್ದ ಐದು ಅಡಿ ಎಂಟು ಇಂಚು, ಅಗಲ ಎರಡು ಅಡಿ ಮೂರು ಇಂಚು. ಹದಿಮೂರು ಚದರಡಿಗೂ ಕಡಿಮೆ. ಕುದುರೆ ಜಾಗ ಅರವತ್ತಮೂರು ಚದರಡಿ. ಕುದುರೆಯ ಮೇಲೆ ಗೋಡೆಯಲ್ಲಿ ದೀಪದ ಗೂಡು ಇದೆ, ಕಟ್ಟೆಯ ಮೇಲೆ ಇಲ್ಲ. ಮುತ್ಯಾ ಆರಡಿ ಆಳು. ಸಾಯುವವರೆಗೂ ಅವನು ಮನೆಯಲ್ಲಿ ಚಾಪೆ ತುಂಬ ಜಾಗ ಇದ್ದರೂ ಮೊಳಕಾಲು ಮಡಚಿಕೊಂಡು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ. ಚಳಿಗೆ ಹಾಗೆ ಮಲಗುತ್ತಾನೆ ಅಂತ ಆಯಿ ಅನ್ನುತ್ತಿದ್ದಳು. ಬೇಸಿಗೆಯಲ್ಲೂ ಹಾಗೇ ಮಲಗುತ್ತಿದ್ದ.

ವರ್ಷಕ್ಕೆ ಒಂದಿಷ್ಟು ಜೋಳ, ಒಂದು ಧೋತರ, ಒಂದು ಕಂಬಳಿ, ಒಂದು ಜೋಡಿ ಚಪ್ಪಲಿ. ಸಾಲ ಯಾವುದಕ್ಕೆ ತಂದದ್ದು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. 1976ರಲ್ಲಿ ಜೀತ ಪದ್ಧತಿ ರದ್ದು ಮಾಡುವ ಕಾಯ್ದೆ ಬಂತು. ಸುದ್ದಿ ನಮ್ಮ ಓಣಿಗೆ ಬಂದು ಮುಟ್ಟಿ, ಮುತ್ಯಾ ಕಟ್ಟೆ ಬಿಟ್ಟು ಮನೆಗೆ ಬರುವ ಹೊತ್ತಿಗೆ ಇನ್ನೂ ಮೂರು ವರ್ಷ ಹಿಡಿಯಿತು. ಆಮೇಲೆ ಶಹಾಬಾದ ಕಡೆ ಕಲ್ಲಿನ ಖಣಿಗೆ ಹೋದ. ಅದೇ ಫರಸಿ, ಈ ಸಲ ದಿನಗೂಲಿ.

ನಾನು ಅಳೆಯಲು ಹೊರಟದ್ದು ಅಪ್ಪನಿಗೆ ಸೇರಲಿಲ್ಲ. ‘ಬೀಳ್ಲಿ ಬಿಡು. ಬಿದ್ರ ನಮಗ್ಯಾನು ಲುಕ್ಸಾನಾ? ಅದರ ಫೋಟೊ ತೆಗ್ದು ಯಾರಿಗಿ ತೋರಸ್ತಿ?’ ಅಂದ. ಅವನು ಹೇಳುವುದರಲ್ಲಿ ಅರ್ಥವಿದೆ. ಹಳೆ ಕಟ್ಟಡ ಉಳಿಸಿ ಅನ್ನುವ ಮಾತು ಕೇಳಿದಾಗೆಲ್ಲ ನನಗೂ ಸಿಟ್ಟು ಬರುತ್ತದೆ. ಯಾರ ಬಾಗಿಲು ಉಳಿಸುತ್ತಾರೆ? ಕೆತ್ತನೆ ಇದ್ದದ್ದನ್ನು. ಅದು ಈಗ ಯಾವುದೋ ಹೋಟೆಲಿನ ಮುಂದೆ ನಿಂತಿರಬಹುದು. ಮೂರು ಅಡಿ ಹತ್ತು ಇಂಚಿನ ಬಾಗಿಲಿಗೆ ಗಿರಾಕಿ ಇಲ್ಲ, ಅದು ಬೇವಿನ ಹಲಗೆ. ಗೋದಾಮು ಬಂದ ಮೇಲೆ ಅಂಥ ಬಾಗಿಲು ಇತ್ತು ಅಂತ ನಾವು ಹೇಳಿದರೆ, ಹಾಗೇನಿರಲಿಲ್ಲ, ನಿಮ್ಮ ಮುತ್ಯಾನನ್ನು ಮನೆ ಮಗನಂತೆ ನೋಡಿಕೊಂಡಿದ್ದೆವು ಅಂತಾರೆ. ಈಗಲೇ ಅನ್ನುತ್ತಾರೆ. ಮಗನ ಕಟ್ಟೆ ಎಷ್ಟು ಉದ್ದ ಇತ್ತು ಅಂತ ಕೇಳಲು ನಮ್ಮ ಕೈಯಲ್ಲಿ ಅಳತೆ ಬೇಕು. ಉಳಿಸಿ ಅಂತ ನಾನು ಅರ್ಜಿ ಹಾಕುವುದಿಲ್ಲ. ಅಳೆದಿಟ್ಟುಕೊಳ್ಳುತ್ತೇನೆ.

ಅಪ್ಪನಿಗೆ ಇಷ್ಟನ್ನೂ ಹೇಳಿದೆ. ಅವನು ಏನೂ ಅನ್ನಲಿಲ್ಲ, ಎದ್ದು ಹೊರಗೆ ಹೋದ.

ಎರಡು ದಿನ ಬಿಟ್ಟು, ರಾತ್ರಿ ಊಟ ಆದ ಮೇಲೆ, ನೋಟ್‌ಬುಕ್ಕು ಕೊಡು ಅಂದ. ನಾನು ಬರೆದ ನಕ್ಷೆಯಲ್ಲಿ ಎಂಟು ಚೌಕ ಮಾಡಿ ‘ಎತ್ತು’ ಅಂತಷ್ಟೇ ಬರೆದಿದ್ದೆ. ಅವನು ಓದಿದ್ದು ನಾಲ್ಕನೇ ಇಯತ್ತೆ, ಬರೆಯುವುದು ನಿಧಾನ. ಒಂದೊಂದು ಚೌಕದಲ್ಲಿ ಒಂದೊಂದು ಹೆಸರು ಬರೆದ. ಸಣ್ಣವನಿದ್ದಾಗ ಕರು ಕಾಯಲು ಅವನೂ ಅಲ್ಲಿಗೆ ಹೋಗುತ್ತಿದ್ದ. ಮೊದಲನೇ ಜೋಡಿ ರಾಮ್ಯಾ, ಸಿದ್ದ್ಯಾ. ಕೊನೇ ಜೋಡಿಯ ಒಳಗಿನ ಎತ್ತು ಹಾಯುತ್ತಿತ್ತು, ಅದಕ್ಕೇ ಅದರ ಪಕ್ಕ ಗೋಡೆ ಬರುವಂತೆ ಕಟ್ಟುತ್ತಿದ್ದರು ಅಂದ. ಆ ಮೂಲೆಯ ಗೋಡೆಯಲ್ಲಿ ಕೊಂಬಿನಿಂದ ತಿವಿದ ಗುರುತು ನಾನು ನೋಡಿದ್ದೆ, ಏನು ಅಂತ ತಿಳಿದಿರಲಿಲ್ಲ. ನನ್ನ ನಕ್ಷೆಯಲ್ಲಿ ಹಿಂದಿನ ಬಾಗಿಲು ಎಡಕ್ಕೆ ತೆರೆಯುವಂತೆ ಬರೆದಿದ್ದೆ. ಅಪ್ಪ ಅದನ್ನು ನೋಡಿ, ಈಗಿನ ಬಾಗಿಲು ಹಾಗದ, ಮೊದಲಿಂದು ಬಲಕ್ಕ ತೆರೀತಿತ್ತು, ಎಡಕ್ಕ ಮುತ್ಯಾನ ಕಂಬಳಿ ಇರ್ತಿತ್ತು ಅಂದ. ಕುದುರೆಯ ಹೆಸರು ಕೇಳಿದೆ. ಅದು ಗೌಡರ ಕುದುರೆ, ಅದಕ್ಕೆ ಏನು ಅಂತಿದ್ದರೋ ನೆನಪಿಲ್ಲ ಅಂದ.

ಶಹಾಬಾದ, ವಾಡಿ ಕಡೆಯವರಿಗೆ ಇನ್ನೊಂದು ಮಾತು. 1871ರ ಹೊತ್ತಿಗೆ ಸೊಲ್ಲಾಪುರದಿಂದ ರಾಯಚೂರಿಗೆ ರೈಲು ಹಳಿ ಬಂತು, 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ. ಸ್ಟೇಷನ್ ಬಂದಲ್ಲಿ ಟಾಂಗಾ ಬಂತು. ಟಾಂಗಾದವರ ಮನೆಗಳಲ್ಲಿ ಒಂದೇ ಖೋಲಿ, ಅರ್ಧ ಕುದುರೆಗೆ, ಅರ್ಧ ಮನೆಯವರಿಗೆ, ನಡುವೆ ಗೋಣಿ ಪರದೆ. ಅಲ್ಲಿ ಕುದುರೆ ಮತ್ತು ಯಜಮಾನ ಒಂದೇ ಬಾಗಿಲಿನಿಂದ ಓಡಾಡಿದವರು. ಅಂಥ ಖೋಲಿ ಎಲ್ಲಾದರೂ ಉಳಿದಿದ್ದರೆ ನನಗೆ ಅದನ್ನೂ ನೋಡಬೇಕಿದೆ.

ಚಿಂಚೋಳಿ ಕಡೆ ಎರಡು ವಾಡೆ, ಚಿತ್ತಾಪುರ ಕಡೆ ಒಂದು ಗೊತ್ತಾಗಿವೆ. ತೊಗರಿ ರಾಶಿಗೆ ಮೊದಲು ಹೋಗಬೇಕು. ನಿಮ್ಮೂರಲ್ಲಿ ಇದ್ದರೆ ನೀವೇ ಅಳೆಯಬಹುದು. ಅಗಸಿ ಅಳೆಯುವವರು ಬೇಕಾದಷ್ಟು ಜನ ಇದ್ದಾರೆ, ನೀವು ಹಿಂದಿನ ಬಾಗಿಲು ಅಳೆಯಿರಿ, ಆಳು ಮಲಗುವ ಕಟ್ಟೆ ಅಳೆಯಿರಿ. ಅಗಸಿಯಿಂದ ಹಿಂದಿನ ಬಾಗಿಲಿಗೆ ಎಷ್ಟು ಹೆಜ್ಜೆ ಅಂತ ನಡೆದು ನೋಡಿ. ಟೇಪು ಇಲ್ಲದಿದ್ದರೆ ಗೇಣಿನಲ್ಲಿ ಅಳೆದರೂ ನಡೆಯುತ್ತದೆ, ಯಾರ ಗೇಣು ಅಂತ ಮಾತ್ರ ಬರೆದಿಡಿ.